ಉಣುಗು ಇದ್ದದ್ದು ಗೋಡೆಯ ಸಂದಿನಲ್ಲಿ

2023ರ ಯುಗಾದಿಯ ಮರುದಿನ ಬೆಳಿಗ್ಗೆ ಜಗಲಿ ಗುಡಿಸಲು ಹೋಗಿದ್ದ ಅತ್ತೆ, ಪೊರಕೆಯನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ಕಾಳನ ಮೂಗಿನಲ್ಲಿ ರಕ್ತ ಬರ್ತಾ ಇದೆ, ಬಂದು ನೋಡು" ಎಂದರು. ಕಾವಿ ಬಣ್ಣದ ನೆಲದ ಮೇಲೆ ರಕ್ತದ ಹನಿ ಬೇಗ ಕಣ್ಣಿಗೆ ಬೀಳುವಂತಿರಲಿಲ್ಲ. ನಾಯಿ ಮಲಗುವ ಗೋಣಿಚೀಲದ ಅಂಚು ಮಾತ್ರ ಒದ್ದೆಯಾಗಿ ಕಪ್ಪಾಗಿತ್ತು. ಹಿಂದಿನ ದಿನ ಹಬ್ಬದ ಒಬ್ಬಟ್ಟನ್ನು ಮೂಸಿ ಬಿಟ್ಟಿದ್ದಾಗಲೇ ನಮಗೆ ಅನುಮಾನ ಬರಬೇಕಿತ್ತು. ಐದು ವರ್ಷದ, ಹದಿನೈದು ಕಿಲೋ ತೂಕದ ಊರುನಾಯಿ ಅದು. ತೋಟಕ್ಕೆ ಯಾರು ಹೊರಟರೂ ಅವರಿಗಿಂತ ಮೊದಲೇ ದಣಪೆ (ಬೇಲಿಯ ಬಾಗಿಲು) ದಾಟಿ ಕಾಯುತ್ತಿದ್ದ ನಾಯಿ ಆ ದಿನ ಹೆಸರು ಹಿಡಿದು ಕರೆದರೂ ಬಾಲದ ತುದಿಯನ್ನಷ್ಟೇ ಆಡಿಸಿತು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಹಳೆಯ ಜಂಬಿಟ್ಟಿಗೆಯ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಇಂಥ ಕಡೆ ನಾಯಿಯ ಮೈಯಲ್ಲಿ ಉಣುಗು ಇರುವುದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಅಡಿಕೆ ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಕಾಳನ ಕಿವಿಯೊಳಗೆ, ಕಾಲ್ಬೆರಳುಗಳ ಸಂದಿನಲ್ಲಿ ಉಣುಗುಗಳನ್ನು ಕಂಡಾಗ ನಾವೂ ಕೈಯಲ್ಲೇ ಕಿತ್ತು, ಕೆಲವನ್ನು ಸೀಮೆಎಣ್ಣೆಗೆ ಹಾಕಿ, ಕೆಲವನ್ನು ಕಲ್ಲಿನ ಮೇಲೆ ಉಜ್ಜಿ ಸುಮ್ಮನಾಗಿದ್ದೆವು. ಎರಡು ದಿನ ಬಿಟ್ಟು ಮತ್ತೆ ಅಷ್ಟೇ ಇರುತ್ತಿದ್ದವು. ಬೆಟ್ಟದಿಂದ ಹತ್ತಿಸಿಕೊಂಡು ಬರುತ್ತದೆ ಎಂಬ ನಮ್ಮ ತೀರ್ಮಾನ ಬಹುಪಾಲು ತಪ್ಪಾಗಿತ್ತೆಂದು ತಿಳಿಯಲು ಇನ್ನೂ ಎರಡು ತಿಂಗಳು ಬೇಕಾದವು.

ಸಾಗರದಲ್ಲಿ ನಾಯಿಯನ್ನು ನೋಡಿದ ಪಶುವೈದ್ಯರು ಮೊದಲು ಅದರ ತುಟಿಯನ್ನು ಮೇಲಕ್ಕೆತ್ತಿ ಒಸಡನ್ನು ತೋರಿಸಿದರು. ಗುಲಾಬಿ ಬಣ್ಣ ಇರಬೇಕಾದಲ್ಲಿ ಸುಣ್ಣದಂಥ ಬಿಳುಪು ಇತ್ತು. ಜ್ವರ 104 ಡಿಗ್ರಿ ದಾಟಿತ್ತು; ನಾಯಿಗೆ 101ರಿಂದ 102.5ರವರೆಗೆ ಇದ್ದರೆ ಅದು ಸಹಜವೆಂದು ಆಗ ಗೊತ್ತಾಯಿತು. ಗಂಟಲಿನ ಬುಡದಲ್ಲಿ ಮತ್ತು ಹಿಂಗಾಲುಗಳ ಮಂಡಿಯ ಹಿಂದೆ ಗ್ರಂಥಿಗಳು ಊದಿದ್ದವು. ಕೂದಲಿಲ್ಲದ ಹೊಟ್ಟೆಯ ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಸಣ್ಣ ಕೆಂಪು ಚುಕ್ಕೆಗಳಿದ್ದವು. ಚರ್ಮದಡಿಯಲ್ಲಿ ರಕ್ತ ಜಿನುಗಿದ ಗುರುತು ಅದು. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ ನೋಡಿ, ಕೆಂಪು ರಕ್ತಕಣದೊಳಗೆ ಸೇರುವ ಬೆಬೇಸಿಯಾ ಎಂಬ ಪರಾವಲಂಬಿ ಕಾಣುತ್ತಿಲ್ಲವೆಂದೂ, ಆದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಎಣಿಕೆ ಮಾಡಿಸಲೇಬೇಕೆಂದೂ ಹೇಳಿ ಶಿವಮೊಗ್ಗಕ್ಕೆ ಕಳಿಸಿದರು.

ಅಲ್ಲಿಯ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಬಂದ ಎಣಿಕೆ 38,000. ಆರೋಗ್ಯವಂತ ನಾಯಿಯಲ್ಲಿ ಅದು ಸುಮಾರು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಇರುತ್ತದೆ. ಎರ್ಲಿಕಿಯಾ ಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಗೆರೆಯೂ ಮೂಡಿ ಸೋಂಕು ಇರುವುದನ್ನು ತೋರಿಸಿತು. ಎರ್ಲಿಕಿಯಾ ಕೇನಿಸ್ ಎಂಬುದು ಬಿಳಿ ರಕ್ತಕಣಗಳ ಒಳಗೆ ಬದುಕುವ ಬ್ಯಾಕ್ಟೀರಿಯಾ. "ಕಂದು ನಾಯಿ ಉಣುಗು" ಎಂಬ ಜಾತಿಯ ಉಣುಗು ಕಚ್ಚಿದಾಗ ಅದರ ಜೊಲ್ಲಿನ ಮೂಲಕ ನಾಯಿಯ ಮೈ ಸೇರಿ, ಒಂದರಿಂದ ಮೂರು ವಾರಗಳಲ್ಲಿ ಜ್ವರ ತರಿಸುತ್ತದೆ. ಆ ಜ್ವರ ಕೆಲವೊಮ್ಮೆ ಔಷಧಿಯಿಲ್ಲದೆಯೇ ಇಳಿದು, ನಾಯಿ ಚೇತರಿಸಿಕೊಂಡಂತೆ ಓಡಾಡಿಕೊಂಡಿದ್ದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅಸ್ಥಿಮಜ್ಜೆಯೇ ಸೋತು ರಕ್ತ ತಯಾರಾಗದ ಸ್ಥಿತಿಗೆ ಬರುವುದುಂಟು. ನಮ್ಮ ಊರಿನಲ್ಲಿ "ಸೊರಗಿ ಸತ್ತಿತು" ಎಂದು ಹೇಳಿ ಮುಗಿಸಿದ ಎಷ್ಟು ನಾಯಿಗಳಿಗೆ ಇದೇ ಆಗಿತ್ತೋ ಎಂದು ಆ ಬೆಂಚಿನ ಮೇಲೆ ಕುಳಿತಾಗ ಯೋಚಿಸಿ ಸಂಕಟವಾಯಿತು.

ಔಷಧಿ ಹೊಸದೇನಲ್ಲ, ಡಾಕ್ಸಿಸೈಕ್ಲಿನ್. ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ, ಕಾಳನಿಗೆ 150 ಮಿಲಿಗ್ರಾಂ ಆಗುವಂತೆ, ಎರಡು ಹೊತ್ತಿಗೆ ಹಂಚಿ, 28 ದಿನ. ಖಾಲಿ ಹೊಟ್ಟೆಗೆ ಕೊಡಬಾರದು, ಹಾಲಿನಲ್ಲಿ ಕಲಸಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಊಟವನ್ನೇ ಬಿಟ್ಟ ನಾಯಿಗೆ ಊಟವಾದ ಮೇಲೆ ಮಾತ್ರೆ ಕೊಡುವುದೆಂದರೆ ಏನೆಂದು ಮೊದಲ ಎರಡು ದಿನ ಅರ್ಥವಾಯಿತು. ಮೊಟ್ಟೆಯ ಬಿಳಿಭಾಗವನ್ನು ಬೇಯಿಸಿ, ಮೆತ್ತಗಿನ ಅನ್ನದಲ್ಲಿ ಕಿವುಚಿ, ಅತ್ತೆ ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಒಂದೊಂದೇ ಉಂಡೆಯನ್ನು ಬಾಯಿಗೆ ಇಡುತ್ತಿದ್ದರು. ನಾಲ್ಕು ಉಂಡೆ ಒಳಗೆ ಹೋದ ಮೇಲೆ ಐದನೆಯದರಲ್ಲಿ ಮಾತ್ರೆ. ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ತಾನಾಗಿ ಎದ್ದು ಅಂಗಳಕ್ಕೆ ಹೋಗಿ, ಹಾಲು ತರಲು ಬಂದವರನ್ನು ನೋಡಿ ಬೊಗಳಿತು. ಗುಣವಾಯಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು, ಅಲ್ಲಿಗೇ ರೋಗ ಮೈಯೊಳಗೆ ಅಡಗಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 19ರವರೆಗೆ ಪ್ರತಿ ಹೊತ್ತಿಗೂ ಗೆರೆ ಎಳೆಯುವ ಕೆಲಸವನ್ನು ಒಂಬತ್ತು ವರ್ಷದ ಮಗಳಿಗೆ ವಹಿಸಿದೆ.

ಈ ನಡುವೆ ನಡೆದದ್ದನ್ನು ಬರೆಯುವುದು ಕಷ್ಟ. ಆದರೂ ಈ ಬರಹವನ್ನು ಮುಖ್ಯವಾಗಿ ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಉಣುಗನ್ನು ಕೊಲ್ಲುವ ಅಗಿಯುವ ಮಾತ್ರೆಯನ್ನೂ ಡಾಕ್ಟರು ಮೊದಲ ದಿನವೇ ಬರೆದುಕೊಟ್ಟಿದ್ದರು. ಅದು ನಮ್ಮ ಪೇಟೆಯಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ತರಿಸಬೇಕಿತ್ತು, ನಾಯಿ ಚೆನ್ನಾಗಿ ತಿನ್ನುವಂತಾದ ಮೇಲೆ ಕೊಟ್ಟರಾಯಿತೆಂದು ನಾವು ತಡ ಮಾಡಿದೆವು. ಅಷ್ಟರಲ್ಲಿ ಮೈಮೇಲೆ ಮತ್ತೆ ಉಣುಗು ಹತ್ತಿದವು. ಕೊಟ್ಟಿಗೆಯ ಗೂಡಿನಲ್ಲಿ ದನಗಳ ಉಣುಗಿಗೆಂದು ತಂದಿಟ್ಟ ಔಷಧಿಯ ಬಾಟಲಿ ಇತ್ತು. ಯಾರನ್ನೂ ಕೇಳದೆ, ಅದನ್ನೇ ನೀರಿಗೆ ಬೆರೆಸಿ ಬಟ್ಟೆಯಲ್ಲಿ ಅದ್ದಿ ಕಾಳನ ಮೈಯೆಲ್ಲ ಒರೆಸಿದೆ. ಸಂಜೆ ಜಗಲಿಯಲ್ಲಿ ಕಾಳ ಮಲಗಿತ್ತು. ನಮ್ಮ ಬೆಕ್ಕು ಬೆಳ್ಳಿ ಎಂದಿನಂತೆ ಅದರ ಹೊಟ್ಟೆಗೆ ಒರಗಿ, ಅದರ ಕುತ್ತಿಗೆಯನ್ನು ನೆಕ್ಕುತ್ತ ಮಲಗಿತು. ಮರಿಯಾಗಿದ್ದಾಗಿನಿಂದ ಅವೆರಡೂ ಹಾಗೆಯೇ ಮಲಗುವವು.

ರಾತ್ರಿ ಹತ್ತರ ಸುಮಾರಿಗೆ ಬೆಳ್ಳಿಯ ಕಿವಿಗಳು ಪಟಪಟನೆ ಅದುರುತ್ತಿರುವುದನ್ನು ಮಗಳು ನೋಡಿದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು; ಎದ್ದು ನಡೆದರೆ ಹಿಂಗಾಲು ಕುಸಿಯುತ್ತಿತ್ತು; ಅರ್ಧ ಗಂಟೆಯೊಳಗೆ ಮೈಯೆಲ್ಲ ನಡುಕ ಹಿಡಿಯಿತು. ಡಾಕ್ಟರಿಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನಾಯಿಗೆ ಏನಾದರೂ ಹಚ್ಚಿದ್ದೀರಾ?" ಬಾಟಲಿಯ ಮೇಲಿದ್ದ ಹೆಸರನ್ನು ಓದಿದೆ: ಡೆಲ್ಟಾಮೆಥ್ರಿನ್. ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಬೆಕ್ಕನ್ನು ಕೂಡಲೇ ತೊಳೆಯಿರಿ, ನೀರು ಉಗುರುಬೆಚ್ಚಗಷ್ಟೇ ಇರಲಿ, ಬಿಸಿನೀರಾದರೆ ಚರ್ಮ ವಿಷವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ, ಒರೆಸಿ ಟವೆಲಿನಲ್ಲಿ ಸುತ್ತಿ ಬೆಚ್ಚಗೆ ಇಟ್ಟುಕೊಂಡು ಹೊರಟು ಬನ್ನಿ, ಮೈ ನೆಕ್ಕಲು ಬಿಡಬೇಡಿ ಎಂದರು. ಆ ಹೊತ್ತಿನಲ್ಲಿ ಅವರು ಬಾಗಿಲು ತೆರೆದು ಕಾದಿದ್ದರು. ನಡುಕ ನಿಲ್ಲಿಸಲು ಚುಚ್ಚುಮದ್ದು, ಮುಂಗಾಲಿಗೆ ಸಲೈನ್. ಬೆಳಗಿನ ಜಾವದ ಹೊತ್ತಿಗೆ ನಡುಕ ಕಡಿಮೆಯಾಯಿತು. ಎರಡನೆಯ ದಿನ ಸಂಜೆ ಬೆಳ್ಳಿ ಮೀನಿನ ತುಂಡನ್ನು ಮುಟ್ಟಿತು. ನಾನು ಆ ಎರಡು ದಿನ ಅಡುಗೆ ಮಾಡಿದ್ದೇನೋ ಇಲ್ಲವೋ ನೆನಪಿಲ್ಲ.

ಕಾರಣವನ್ನು ಡಾಕ್ಟರು ಆಮೇಲೆ ವಿವರಿಸಿದರು. ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮೊದಲಾದವು ಒಂದೇ ಗುಂಪಿನ ರಾಸಾಯನಿಕಗಳು. ಇವುಗಳನ್ನು ಒಡೆದು ಹೊರಹಾಕಲು ಬೇಕಾದ ಶಕ್ತಿ ನಾಯಿಯ ಯಕೃತ್ತಿಗಿದೆ, ಬೆಕ್ಕಿನ ಯಕೃತ್ತಿಗೆ ಅದು ತೀರಾ ಕಡಿಮೆ. ಹಾಗಾಗಿ ನಾಯಿಯ ಬೆನ್ನಿಗೆ ಹಾಕುವ ಒಂದು ಸಣ್ಣ ಕೊಳವೆಯಷ್ಟು ಔಷಧಿಯೇ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಬೆಕ್ಕಿಗೆ ನೇರವಾಗಿ ಹಚ್ಚಬೇಕೆಂದೂ ಇಲ್ಲ, ಹಚ್ಚಿಸಿಕೊಂಡ ನಾಯಿಯ ಮೈಯಲ್ಲಿ ಹಸಿ ಆರುವ ಮೊದಲು ಒರಗಿದರೂ ನೆಕ್ಕಿದರೂ ಸಾಕು. ಅಂದಿನಿಂದ ನಾನು ಯಾವ ಡಬ್ಬಿ ಕೊಂಡರೂ ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುತ್ತೇನೆ. ಹೆಸರಿನ ಕೊನೆಯಲ್ಲಿ "ಥ್ರಿನ್" ಎಂದಿದ್ದು, ಬೆಕ್ಕಿಗೆಂದೇ ತಯಾರಿಸಿದ್ದೆಂದು ಸ್ಪಷ್ಟವಾಗಿ ಮುದ್ರಿಸಿರದಿದ್ದರೆ ಅದು ಬೆಳ್ಳಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತೇನೆ. ನಾಯಿಗಳಿಗೆ ಸ್ನಾನಕ್ಕೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು. ನಾಯಿಯನ್ನೂ ಬೆಕ್ಕನ್ನೂ ಒಟ್ಟಿಗೆ ಸಾಕಿರುವ ಮನೆಗಳು ಮಲೆನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ, ದನದ ಔಷಧಿಯ ಬಾಟಲಿಯೂ ಆ ಮನೆಗಳಲ್ಲಿ ಇದ್ದೇ ಇರುತ್ತದೆ.

ಏಪ್ರಿಲ್ ಎರಡನೆಯ ವಾರ ಕಾಳನಿಗೆ ಅಗಿಯುವ ಮಾತ್ರೆ ಶುರುವಾಯಿತು. ಅಫಾಕ್ಸೊಲೇನರ್ ಎಂಬ ಔಷಧಿ ಇರುವ, ತಿಂಗಳಿಗೊಂದು ಕೊಡುವ ಮಾತ್ರೆ ಅದು. ಇದೇ ಗುಂಪಿನ ಫ್ಲುರಲೇನರ್ ಮಾತ್ರೆ ಹನ್ನೆರಡು ವಾರಗಳ ಅಂತರದ್ದು. ಕೊಡುವ ಮೊದಲು, ನಾಯಿಗೆ ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಡಾಕ್ಟರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು, ಏಕೆಂದರೆ ಅಂಥ ನಾಯಿಗಳಿಗೆ ಈ ಗುಂಪಿನ ಔಷಧಿ ಕೊಡುವಾಗ ಎಚ್ಚರ ಬೇಕು. ಈ ಮಾತ್ರೆ ಉಣುಗು ಹತ್ತದಂತೆ ತಡೆಯುವುದಿಲ್ಲ. ಉಣುಗು ಹತ್ತಿ, ಕಚ್ಚಿ, ರಕ್ತ ಹೀರಿದ ಮೇಲೆ ಸಾಯುತ್ತದೆ. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದ್ದರಿಂದ, ಮಾತ್ರೆ ಕೊಟ್ಟೆವೆಂದು ಕೈಕಟ್ಟಿ ಕೂರುವಂತಿಲ್ಲ. ಎರ್ಲಿಕಿಯಾಕ್ಕೆ ಲಸಿಕೆಯೂ ಇಲ್ಲ, ಒಮ್ಮೆ ಬಂದುಹೋದ ನಾಯಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ.

ಮಾತ್ರೆ ಕೊಟ್ಟ ಮೊದಲ ವಾರ ನಾನು ದಿನವೂ ಸಂಜೆ ಕಾಳನ ಮೈ ತಡವಿ, ಸಿಕ್ಕಿದ ಉಣುಗುಗಳನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಗೆ ಹಾಕಿ ಎಣಿಸಿದೆ. ವಾರಕ್ಕೆ 31. ಎರಡನೆಯ ವಾರವೂ 26. ಹೆಚ್ಚಿನವು ಸತ್ತೇ ಇದ್ದವು, ಆದರೆ ಬರುವುದು ನಿಂತಿರಲಿಲ್ಲ, ಮತ್ತು ಆ ಎರಡು ವಾರ ಕಾಳ ಬೆಟ್ಟಕ್ಕೆ ಹೋಗಿಯೇ ಇರಲಿಲ್ಲ. ಸರಪಳಿ ಹಾಕಿ ಜಗಲಿಯಲ್ಲೇ ಇರಿಸಿಕೊಂಡಿದ್ದೆವು. ಇದನ್ನು ಹೇಳಿದಾಗ ಡಾಕ್ಟರು, "ಹಾಗಾದರೆ ಅದು ನಿಮ್ಮ ಗೋಡೆಯಲ್ಲಿದೆ" ಎಂದರು.

ಕಂದು ನಾಯಿ ಉಣುಗು ಬದುಕುವ ಬಗೆಯನ್ನು ತಿಳಿದ ಮೇಲೆಯೇ ನಮ್ಮ ಮನೆಯನ್ನು ನಾನು ಬೇರೆ ಕಣ್ಣಿನಿಂದ ನೋಡಿದ್ದು. ಮೊಟ್ಟೆಯಿಂದ ಹೊರಬರುವಾಗ ಅದಕ್ಕೆ ಆರೇ ಕಾಲು. ನಾಯಿಯ ಮೈ ಹತ್ತಿ ಕೆಲವು ದಿನ ರಕ್ತ ಕುಡಿದು ಕೆಳಗೆ ಉದುರುತ್ತದೆ. ಸಂದಿಯಲ್ಲಿ ಸೇರಿ ಪೊರೆ ಕಳಚಿ ಎಂಟು ಕಾಲಿನ ಮರಿಯಾಗುತ್ತದೆ. ಮತ್ತೆ ಹತ್ತುತ್ತದೆ, ಕುಡಿಯುತ್ತದೆ, ಉದುರುತ್ತದೆ, ಪೊರೆ ಕಳಚಿ ಬಲಿಯುತ್ತದೆ. ಮೂರನೆಯ ಸಲ ಹತ್ತಿ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಇಳಿದು ಹೋಗಿ ಸಾವಿರಗಟ್ಟಲೆ, ನಾಲ್ಕು ಸಾವಿರದವರೆಗೂ ಮೊಟ್ಟೆಯಿಟ್ಟು ಸಾಯುತ್ತದೆ. ಮೂರು ಸಲವೂ ಹತ್ತುವುದು ಹೆಚ್ಚಾಗಿ ನಾಯಿಯನ್ನೇ. ನಾಯಿಯ ಮೈಮೇಲೆ ಅದು ಕಳೆಯುವುದು ತನ್ನ ಬಾಳಿನ ಸಣ್ಣದೊಂದು ಪಾಲನ್ನು. ಉಳಿದದ್ದೆಲ್ಲ ನಮ್ಮ ಮನೆಯ ಸಂದುಗೊಂದುಗಳಲ್ಲಿ. ಬಲಿತ ಉಣುಗು ಏನೂ ಕುಡಿಯದೆ ತಿಂಗಳುಗಟ್ಟಲೆ ಕಾಯಬಲ್ಲದು. ಎರ್ಲಿಕಿಯಾ ತಾಯಿಯಿಂದ ಮೊಟ್ಟೆಗೆ ದಾಟುವುದಿಲ್ಲ, ಆದರೆ ಮರಿ ಉಣುಗು ರೋಗವಿರುವ ನಾಯಿಯ ರಕ್ತ ಕುಡಿದಿದ್ದರೆ, ಪೊರೆ ಕಳಚಿ ಬಲಿತ ಮೇಲೆ ಸುಮಾರು ಐದು ತಿಂಗಳವರೆಗೂ ಅದನ್ನು ದಾಟಿಸಬಲ್ಲದು. ಅಂದರೆ ಮಾರ್ಚಿನಲ್ಲಿ ಕಾಳನ ರಕ್ತ ಕುಡಿದು ಗೋಡೆ ಸೇರಿದ್ದು, ಮಳೆಗಾಲದಲ್ಲಿ ಅದೇ ಕಾಳನಿಗೆ ಅದೇ ರೋಗವನ್ನು ತಿರುಗಿ ಕೊಡಬಹುದಿತ್ತು.

ಹುಡುಕಲು ಕೂತೆವು. ಈ ಜಾತಿಯ ಉಣುಗಿಗೆ ಮೇಲಕ್ಕೆ ಹತ್ತುವ ಅಭ್ಯಾಸವಿದೆ. ನೆಲವನ್ನು ಎಷ್ಟು ತೊಳೆದರೂ ನಮಗೆ ಸಿಗದಿದ್ದದ್ದು ಅದಕ್ಕೆ. ಜಂಬಿಟ್ಟಿಗೆ ಕಲ್ಲೆಂದರೆ ಮೈಯೆಲ್ಲ ತೂತು. ಹೆಬ್ಬಾಗಿಲಿನ ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿನಲ್ಲಿ, ಜಗಲಿಯ ಕಂಬದ ಬುಡದಲ್ಲಿ, ಜಂತೆಯ ತುದಿ ಗೋಡೆಗೆ ಸೇರುವಲ್ಲಿ ಟಾರ್ಚ್ ಬಿಟ್ಟರೆ ಹುರುಳಿಕಾಳಿನಂತೆ ಸಾಲಾಗಿ ಅಂಟಿಕೊಂಡಿದ್ದವು. ಹಳೆಯ ಫೋಟೋ ಒಂದನ್ನು ಕೆಳಗಿಳಿಸಿದಾಗ ಅದರ ಹಿಂದೆ ಊದಿದ ಹೆಣ್ಣೊಂದು, ಅದರ ಪಕ್ಕದಲ್ಲಿ ಹೊಳೆಯುವ ಕಂದು ಬಣ್ಣದ, ಗಸಗಸೆಯಂಥ ಮೊಟ್ಟೆಗಳ ಗುಡ್ಡೆ. ಅತ್ತೆ ಅದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆ ಮನೆಯನ್ನು ಅವರು ಐವತ್ತು ವರ್ಷದಿಂದ ಗುಡಿಸಿ ಸಾರಿಸಿ ಇಟ್ಟುಕೊಂಡವರು, ತಮ್ಮ ಕೈಯ ಶುಚಿಯ ಮೇಲೆ ಬಂದ ಮಾತೆಂದು ಅವರಿಗೆ ಅನ್ನಿಸಿರಬೇಕು. ಉಣುಗಿಗೂ ಕೊಳೆಗೂ ಸಂಬಂಧವಿಲ್ಲ, ನಾಯಿಯೂ ಬಿರುಕೂ ಇದ್ದರೆ ಅರಮನೆಗೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಿದೆ.

ಗೋಣಿಚೀಲಗಳನ್ನು ಸುಟ್ಟೆವು. ಕಾಳನಿಗೆ, ವಾರಕ್ಕೊಮ್ಮೆ ಹಂಡೆಯ ಕುದಿನೀರಿನಲ್ಲಿ ಅದ್ದಿ ತೊಳೆಯಬಹುದಾದ ಹತ್ತಿಯ ಹಾಸುಬಟ್ಟೆ ಮಾಡಿದೆವು. ಗಾರೆ ಕೆಲಸದವರನ್ನು ಕರೆಸಿ, ಜಗಲಿಯ ಗೋಡೆಗೆ ಎದೆಯೆತ್ತರಕ್ಕೆ ಗಿಲಾಯಿ ಮಾಡಿಸಿ, ಚೌಕಟ್ಟಿನ ಬಿರುಕುಗಳನ್ನೂ ಜಂತೆಯ ತುದಿಗಳನ್ನೂ ಸಿಮೆಂಟಿನಿಂದ ಮುಚ್ಚಿಸಿದ್ದು ನಾಲ್ಕು ದಿನದ ಕೆಲಸ. ನನ್ನ ಅಂದಾಜಿನಲ್ಲಿ ಔಷಧಿ ಸಿಂಪಡಿಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಗಿಲಾಯಿ. ಸಿಂಪಡಣೆಯನ್ನೂ ಮಾಡಿಸಿದೆವು, ಬಹಳ ಅಳುಕಿನಿಂದ. ಬೆಳ್ಳಿಯನ್ನು ಎರಡು ದಿನ ನೆರೆಮನೆಯ ಅಟ್ಟದಲ್ಲಿ ಇರಿಸಿ, ಗೋಡೆ ಪೂರ್ತಿ ಆರಿದ ಮೇಲೆ ಕರೆತಂದೆವು. ಹಿತ್ತಲಿನಲ್ಲಿ ಮೂರು ಪೆಟ್ಟಿಗೆ ತುಡುವೆ ಜೇನು ಇತ್ತು. ಸಿಂಪಡಿಸುವ "ಥ್ರಿನ್" ಗುಂಪಿನ ಔಷಧಿ ಜೇನಿಗೂ ಮೀನಿಗೂ ಘೋರ ವಿಷವಾದ್ದರಿಂದ, ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಗಾಳಿಯಿಲ್ಲದ ಸಂಜೆಯಲ್ಲಿ, ಸಂದುಗಳಿಗಷ್ಟೇ ಹೊಡೆಸಿ, ಸಿಂಪಡಿಸಿದ ಡಬ್ಬಿಯನ್ನು ಹಳ್ಳದ ಕಡೆ ತೊಳೆಯಲು ಬಿಡಲಿಲ್ಲ. ಮೊಟ್ಟೆಗಳಿಗೆ ಈ ಔಷಧಿ ಅಷ್ಟಾಗಿ ತಟ್ಟದ ಕಾರಣ ಮೂರು ವಾರ ಬಿಟ್ಟು ಇನ್ನೊಮ್ಮೆ. ಮೇ ಕೊನೆಯ ವಾರದ ಎಣಿಕೆ 9, ಜೂನ್ ಮಧ್ಯದ ವಾರ 2. ಪ್ಲೇಟ್‌ಲೆಟ್ ಎರಡು ವಾರಕ್ಕೆ 1,12,000, ಮಾತ್ರೆ ಮುಗಿದಾಗ 2,10,000 ಆಗಿತ್ತು.

ಉಣುಗು ಕೀಳುವ ರೀತಿಯನ್ನೂ ನಾವು ಹೊಸದಾಗಿ ಕಲಿಯಬೇಕಾಯಿತು. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿ, ಉಣುಗಿನ ಮೂತಿಯ ಬುಡವನ್ನೇ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಬೇಕು. ಹೊಟ್ಟೆಯನ್ನು ಹಿಸುಕಿದರೆ ಅದರೊಳಗಿನದೆಲ್ಲ ನಾಯಿಯ ಮೈಗೆ ಕಕ್ಕುತ್ತದೆ. ಸೀಮೆಎಣ್ಣೆ ಹಚ್ಚುವುದು, ಊದಿನಕಡ್ಡಿಯಿಂದ ಸುಡುವುದು ಕೂಡ ಅದೇ ಪರಿಣಾಮದ್ದು. ಬರಿಗೈಯಲ್ಲಿ ಜಜ್ಜುವುದನ್ನು ಅಂದೇ ಬಿಟ್ಟೆವು.

ನಮ್ಮ ಸೀಮೆಯಲ್ಲಿ ಉಣುಗು ಎಂದೊಡನೆ ಜನರಿಗೆ ನೆನಪಾಗುವುದು, ಉಣುಗು ಕಚ್ಚಿ ಮನುಷ್ಯರಿಗೂ ಬರುವ ಮಂಗನ ಕಾಯಿಲೆ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಳನಿಗೆ ಉಣುಗಿನ ಜ್ವರ ಎಂಬ ಸುದ್ದಿ ಹಬ್ಬಿದಾಗ, ನಾಯಿಯನ್ನು ದೂರ ಬಿಟ್ಟುಬನ್ನಿ ಎಂದು ಹೇಳಿದವರೂ ಇದ್ದರು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಕಾಡಿನ ಉಣುಗು. ಮನೆಯ ಗೋಡೆಯಲ್ಲಿ ಸಂಸಾರ ಹೂಡುವ ಈ ಕಂದು ಉಣುಗು ಬೇರೆಯದೇ ಜಾತಿ, ಕಾಳನಿಗೆ ಬಂದ ರೋಗವೂ ಬೇರೆ. ಹಾಗೆಂದು ಕಾಡಿನ ಉಣುಗನ್ನು ಅಲಕ್ಷಿಸುವಂತಿಲ್ಲ. ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ದರಗು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುವಾಗ ನಾವು ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳುತ್ತೇವೆ. ಆ ದಿನಗಳಲ್ಲಿ ಕಾಳನನ್ನು ಬೆಟ್ಟಕ್ಕೆ ಕರೆದೊಯ್ಯುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಬೆಳ್ಳಿಯ ಸರದಿ ಬಂತು. ಒಲೆಯ ಬಳಿ ಬೆಚ್ಚಗೆ ಮಲಗಿ ದಿನವಿಡೀ ಮೈ ಕೆರೆದುಕೊಳ್ಳುತ್ತಿತ್ತು. ಬಾಚಿದಾಗ ಉದುರಿದ ಕರಿಯ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದರೆ ಅದರ ಸುತ್ತ ಕೆಂಪು ಬಣ್ಣ ಹರಡಿತು; ಅದು ಮಣ್ಣಾಗಿರದೆ ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಅದಾಗಿ ಕೆಲವೇ ದಿನಕ್ಕೆ ಮಗಳ ಕಂಬಳಿಯ ಮೇಲೆ ಒಣಗಿದ ಅಕ್ಕಿಕಾಳಿನಂಥವು ಕಂಡವು. ಬೆಕ್ಕಿನ ಬಾಲದ ಬುಡದಲ್ಲೂ ಒಂದೆರಡು ಅಂಟಿಕೊಂಡಿದ್ದವು, ಹಸಿಯಾಗಿದ್ದಾಗ ಸೌತೆಬೀಜದಂತೆ ಮಿಸುಕುತ್ತಿದ್ದವು. ಲಾಡಿಹುಳುವಿನ ತುಂಡುಗಳವು. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಕೊಟ್ಟೆವು, ನಿಂತಿತು; ಒಂದು ತಿಂಗಳಿಗೆ ಮತ್ತೆ ಬಂತು. ಚಿಗಟದ ಮರಿಹುಳು ಲಾಡಿಹುಳುವಿನ ಮೊಟ್ಟೆಯನ್ನು ತಿನ್ನುತ್ತದೆ, ಆ ಮರಿ ಬೆಳೆದು ಚಿಗಟವಾಗುತ್ತದೆ, ಬೆಕ್ಕು ಮೈ ನೆಕ್ಕುವಾಗ ಆ ಚಿಗಟವನ್ನು ನುಂಗುತ್ತದೆ, ಮೂರು ವಾರಕ್ಕೆ ಹೊಟ್ಟೆಯಲ್ಲಿ ಲಾಡಿಹುಳು ಸಿದ್ಧ. ಚಿಗಟವನ್ನು ಬಿಟ್ಟು ಹುಳುವಿಗೆ ಮಾತ್ರ ಮದ್ದು ಕೊಟ್ಟರೆ ಈ ಸುತ್ತು ನಿಲ್ಲುವುದಿಲ್ಲ.

ಈ ಸಲ ಯಾವ ಔಷಧಿಯನ್ನೂ ಕೇಳದೆ ಮುಟ್ಟಲಿಲ್ಲ. ಅಡಿಕೆ ತೂಗುವ ತಕ್ಕಡಿಯ ಮೇಲೆ ಬೆಳ್ಳಿಯನ್ನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆದರೆ ಅದರದು 3.2 ಕಿಲೋ. ಬೆಕ್ಕಿನ ತೂಕಕ್ಕೆಂದೇ ಅಳತೆ ಮಾಡಿದ ಫಿಪ್ರೊನಿಲ್ ಹನಿಯನ್ನು, ನಾಲಿಗೆ ಎಟುಕದಂತೆ ಕತ್ತಿನ ಹಿಂದೆ, ಕೂದಲನ್ನು ಬಿಡಿಸಿ ಚರ್ಮಕ್ಕೇ ತಾಗುವಂತೆ ಹಾಕಿದೆವು. ಹಾಕಿದ ರಾತ್ರಿ ಕಾಳನಿಂದ ಬೇರೆಯಾಗಿ ಮಲಗಿಸಿದೆವು. ಒಂದು ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಯಿಡುತ್ತದೆ, ಅವು ಬೆಕ್ಕು ಹೋದಲ್ಲೆಲ್ಲ ಉದುರುತ್ತವೆ, ಗೂಡು ಕಟ್ಟಿಕೊಂಡ ಚಿಗಟ ಬೆಚ್ಚನೆಯ ಮೈ ಹತ್ತಿರ ಸುಳಿಯುವವರೆಗೆ ವಾರಗಟ್ಟಲೆ ಕಾಯುತ್ತದೆ. ಇದು ತಿಳಿದಿದ್ದರಿಂದ ಮೊದಲ ತಿಂಗಳು ಚಿಗಟ ಕಾಣುತ್ತಲೇ ಇದ್ದರೂ ಧೈರ್ಯಗೆಡಲಿಲ್ಲ. ಕಂಬಳಿಗಳನ್ನು ಕುದಿನೀರಿಗೆ ಹಾಕಿ, ಬಿಸಿಲಿಲ್ಲದ ಕಾರಣ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಮೂರು ತಿಂಗಳು ಬಿಡದೆ ಹನಿ ಹಾಕಿದ ಮೇಲೆ ಬಾಚಣಿಗೆಗೆ ಏನೂ ಸಿಗದಾಯಿತು. ಎರಡನೆಯ ಸಲ ಕೊಟ್ಟ ಹುಳುವಿನ ಮಾತ್ರೆಯ ನಂತರ ಲಾಡಿಹುಳು ಮರಳಲಿಲ್ಲ.

ಈಗ ಎರಡಕ್ಕೂ ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ಇದೆ. ಕಾಳನ ಮಲವನ್ನು ಪರೀಕ್ಷಿಸಿದಾಗ ಕೊಕ್ಕೆಹುಳುವಿನ ಮೊಟ್ಟೆಗಳೂ ಇದ್ದವು. ಮಲ ಬಿದ್ದ ಹಸಿ ನೆಲದಲ್ಲಿ ಮರಿಹುಳು ಬೆಳೆದು, ಬರಿಗಾಲಿನಲ್ಲಿ ನಡೆಯುವವರ ಚರ್ಮವನ್ನೂ ಕೊರೆದು ಸೇರುತ್ತದೆಂದು ಕೇಳಿದ ಮೇಲೆ, ಅಂಗಳದ ಮೂಲೆಯಲ್ಲಿ ಒಂದು ಅಡಿಕೆ ಹಾಳೆ ಮತ್ತು ಸಣ್ಣ ಗುದ್ದಲಿ ಇಟ್ಟಿದ್ದೇವೆ. ಕಾಳನ ಮಲ ಎಲ್ಲಿ ಬಿದ್ದರೂ ಅದನ್ನು ಆಗಲೇ ಎತ್ತಿ ಬಾಳೆಯ ಬುಡದಿಂದ ದೂರ, ಆಳವಾಗಿ ಹೂಳುತ್ತೇವೆ.

ಸಂಜೆ ಕಾಳನ ಮೈ ತಡವುವುದು ಈಗ ಮಗಳ ಕೆಲಸ. ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಅಡಿ, ಕಂಕುಳು, ಒಂದೊಂದು ಪಾದದ ಬೆರಳುಗಳ ನಡುವೆ, ಕೊನೆಗೆ ಬಾಲದ ಬುಡ. ಈ ಕ್ರಮವನ್ನು ಅವಳು ತಪ್ಪಿಸುವುದಿಲ್ಲ. ಕಳೆದ ಸಂಕ್ರಾಂತಿಗೆ ನಾದಿನಿಯವರು ಬಂದಾಗ ಅವರ ನಾಯಿಯೂ ಕಾರಿನಿಂದ ಇಳಿಯಿತು. ಮಗಳು ಓಡಿಹೋಗಿ ಅದನ್ನು ದಣಪೆಯ ಆಚೆಯೇ ನಿಲ್ಲಿಸಿ, "ಅತ್ತೆ, ಸ್ವಲ್ಪ ಹಿಡ್ಕೊಳ್ಳಿ" ಎಂದು ಅದರ ಕಿವಿಯನ್ನು ಮಡಿಸಿ ನೋಡಿದಳು. ಎರಡು ಸಿಕ್ಕವು. ಚಿಮಟದಲ್ಲಿ ತೆಗೆದು ಸ್ಪಿರಿಟ್ ಬಾಟಲಿಗೆ ಹಾಕಿ, ಒಳಗೆ ಬಂದು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ "2, ಹೊರಗಿನದು" ಎಂದು ಬರೆದಳು.